ಬಂದೂಕಿಗೆ ಮುಂಚೆ ಏನಿತ್ತು?

(ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹಗಲೆಲ್ಲಾ ದುಡಿದು ದಣಿದಿದ್ದರೂ ನೀವು ಬಂದು ಕುಳಿತಿದ್ದೀರಿ. ಆದುದರಿಂದ ಮಾತನ್ನು ಉದ್ದ ಮಾಡುವುದಿಲ್ಲ. ಬಡವರ ಕೇರಿಯ ಮಕ್ಕಳು ಗೂಂಡಾಗಳ ಗುಂಪಿಗೆ ಸೇರಿ ಹಾಳಾಗುವುದನ್ನು ಸಿನಿಮಾ ಹೇಗೆ ತೋರಿಸುತ್ತದೆ ಎಂಬುದು ಇಂದಿನ ವಿಷಯ.

ತೆರೆಯ ಮೇಲೆ ಹುಡುಗನೊಬ್ಬ ಬಂದೂಕು ಎತ್ತಿದರೆ ನಮ್ಮಲ್ಲಿ ಕೆಲವರು ಶಿಳ್ಳೆ ಹೊಡೆಯುತ್ತೇವೆ. ಇನ್ನು ಕೆಲವರು ‘ಹುಟ್ಟುಗುಣ’ ಎಂದು ಮುಖ ತಿರುಗಿಸುತ್ತೇವೆ. ಎರಡೂ ತಪ್ಪು ಎಂಬುದನ್ನು ಬ್ರೆಜಿಲ್ ದೇಶದ ಎರಡು ಚಿತ್ರಗಳು ನಮಗೆ ಕಲಿಸಿದವು.

ಒಂದರ ಹೆಸರು ‘ಸಿಟಿ ಆಫ್ ಗಾಡ್’, ಅಂದರೆ ದೇವರ ಪಟ್ಟಣ. ಇದು ರಿಯೊ ಡಿ ಜನೈರೊ ನಗರದಲ್ಲಿ ನಿಜವಾಗಿ ಇರುವ ಒಂದು ಬಡಾವಣೆ. 1960ರ ದಶಕದಲ್ಲಿ ಗುಡಿಸಲುಗಳಿಂದ ಎಬ್ಬಿಸಿದವರನ್ನೂ ನೆರೆಯಲ್ಲಿ ಮನೆ ಕಳೆದುಕೊಂಡವರನ್ನೂ ಸರ್ಕಾರ ಅಲ್ಲಿಗೆ ಸಾಗಿಸಿತು. ಊರ ನಡುವಿನಿಂದ ಬಹು ದೂರ. ಅಲ್ಲೇ ಬೆಳೆದ ಪೌಲೊ ಲಿನ್ಸ್ 1997ರಲ್ಲಿ ಅದರ ಕಥೆಯನ್ನು ಕಾದಂಬರಿಯಾಗಿ ಬರೆದರು. 2002ರಲ್ಲಿ ಫರ್ನಾಂಡೊ ಮೆಯ್ರೆಲಿಸ್ ಮತ್ತು ಕಾಟಿಯಾ ಲುಂಡ್ ಅದನ್ನು ಚಿತ್ರವಾಗಿ ಮಾಡಿದರು. ನಟಿಸಿದ ಹುಡುಗರಲ್ಲಿ ಹೆಚ್ಚಿನವರು ಅಂಥ ಕೇರಿಗಳಿಂದಲೇ ಬಂದವರು.

ಮಕ್ಕಳು ಗುಂಪಿಗೆ ಸೇರುವ ಬಗೆಯನ್ನು ಈ ಚಿತ್ರ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಮೊದಲು ಅಂಗಡಿಗೆ ಹೋಗಿ ಬರುವುದು, ಸುದ್ದಿ ಮುಟ್ಟಿಸುವುದು. ಅಷ್ಟಕ್ಕೇ ಕೈತುಂಬ ಕಾಸು. ಆಮೇಲೆ ಪೊಲೀಸರು ಬರುತ್ತಾರೋ ಎಂದು ಕಾಯುವ ಕೆಲಸ. ಆಮೇಲೆ ಮಾದಕ ವಸ್ತು ಮಾರುವುದು. ಬಂದೂಕು ಬರುವುದು ಕೊನೆಗೆ. ಒಂದು ಕಡೆ ಗೂಂಡಾಗಳು ಇಬ್ಬರು ಚಿಕ್ಕ ಹುಡುಗರನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ. ಗುಂಪಿಗೆ ಹೊಸದಾಗಿ ಸೇರಿದ ಇನ್ನೊಬ್ಬ ಹುಡುಗನ ಕೈಗೆ ಬಂದೂಕು ಕೊಟ್ಟು, ಇವರಲ್ಲಿ ಒಬ್ಬನನ್ನು ಕೊಲ್ಲು ಎನ್ನುತ್ತಾರೆ. ಅಳುವ ಮಗುವಿನ ಮುಖವನ್ನು ನೋಡಿದವರಿಗೆ ಶಿಳ್ಳೆ ಬರುವುದಿಲ್ಲ. ಆದರೂ ಚಿತ್ರದ ಓಟ ಎಷ್ಟು ಚುರುಕೆಂದರೆ, ಕೆಲವು ಕಡೆ ಕೊಲೆಯೂ ಆಟದಂತೆ ಕಾಣುತ್ತದೆ. ಆ ಬಡಾವಣೆಯವರೇ ಆದ ಹಾಡುಗಾರ ಎಂ.ವಿ. ಬಿಲ್, ಈ ಚಿತ್ರದಿಂದ ಅಲ್ಲಿಯ ಜನಕ್ಕೆ ಕೆಟ್ಟ ಹೆಸರು ಬಂತೆಂದು ಟೀಕಿಸಿದರು. ಆ ಮಾತನ್ನೂ ನಾವು ಕೇಳಬೇಕು.

ಇದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಂದೆ ಹೆಕ್ಟರ್ ಬಾಬೆಂಕೊ ‘ಪಿಶೋಟೆ’ ಎಂಬ ಚಿತ್ರ ಮಾಡಿದ್ದರು. ಅದರ ಓಟ ನಿಧಾನ. ಸುಮಾರು ಹತ್ತು ವರ್ಷದ ಹುಡುಗನನ್ನು ತಿದ್ದುವ ಶಾಲೆಗೆ ಹಾಕುತ್ತಾರೆ. ಅಲ್ಲಿ ಅವನು ಕಲಿಯುವುದು ಹೊಡೆತ, ಸುಳ್ಳು, ಭಯ. ಅಲ್ಲಿಂದ ಓಡಿಹೋದ ಹುಡುಗರಿಗೆ ಬೀದಿಯಲ್ಲಿ ಕಳ್ಳತನವೇ ಜೀವನ. ಹದಿನೆಂಟು ತುಂಬದವರಿಗೆ ದೊಡ್ಡವರಂತೆ ಶಿಕ್ಷೆ ಇಲ್ಲವೆಂದು ತಿಳಿದ ದೊಡ್ಡವರು, ತಮ್ಮ ಪಾಪದ ಕೆಲಸವನ್ನು ಮಕ್ಕಳಿಂದ ಮಾಡಿಸುತ್ತಾರೆ. ಕೊನೆಯಲ್ಲಿ ಒಬ್ಬ ಹೆಂಗಸು ಪಿಶೋಟೆಯನ್ನು ತಾಯಿಯಂತೆ ಎದೆಗೆ ಅಪ್ಪಿಕೊಳ್ಳುತ್ತಾಳೆ, ಮರುಗಳಿಗೆಯಲ್ಲೇ ದೂಡಿಬಿಡುತ್ತಾಳೆ. ಹುಡುಗ ರೈಲು ಹಳಿಯ ಮೇಲೆ ಒಬ್ಬನೇ ನಡೆದು ಹೋಗುತ್ತಾನೆ.

ಬಂಧುಗಳೇ, ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಿಶೋಟೆಯಾಗಿ ನಟಿಸಿದ ಫರ್ನಾಂಡೊ ರಾಮೊಸ್ ದ ಸಿಲ್ವ ಸಾವೊ ಪಾಲೊ ಬಳಿಯ ದಿಯಾದೆಮಾ ಎಂಬ ಊರಿನ ಬಡ ಹುಡುಗ. ಲೋಕವೆಲ್ಲಾ ಅವನ ನಟನೆಯನ್ನು ಹೊಗಳಿತು. ಟಿ.ವಿ.ಯಲ್ಲೂ ಕೆಲಸ ಸಿಕ್ಕಿತು. ಆದರೆ ಓದು ಸರಿಯಾಗಿ ಬಾರದ್ದರಿಂದ ಅದು ಉಳಿಯಲಿಲ್ಲ. ಹುಡುಗ ಹಳೆಯ ಕೇರಿಗೇ ಮರಳಿದ. ಕಳ್ಳತನದ ಆರೋಪದಲ್ಲಿ ಸಿಕ್ಕಿಬಿದ್ದ. 1987ರಲ್ಲಿ, 19ನೆಯ ವಯಸ್ಸಿನಲ್ಲಿ, ಪೊಲೀಸರ ಗುಂಡಿಗೆ ಸತ್ತ. ಚಿತ್ರ ನೋಡಿ ಕಣ್ಣೀರು ಸುರಿಸಿದವರು ಎಷ್ಟೋ ಜನ. ಆ ಹುಡುಗನ ಕೈ ಹಿಡಿದವರು ಎಷ್ಟು ಮಂದಿ?

ಇದೇ ನಾವು ಇಂದು ಹೇಳಬೇಕೆಂದಿದ್ದ ಮಾತು. ಬಂದೂಕು ಹುಡುಗನ ಕೈಗೆ ಬರುವ ಮೊದಲು ಎಷ್ಟೋ ಕೈಗಳು ಅವನನ್ನು ಬಿಟ್ಟುಬಿಟ್ಟಿರುತ್ತವೆ. ಒಳ್ಳೆಯ ಸಿನಿಮಾ ಆ ಕೈಗಳನ್ನು ತೋರಿಸುತ್ತದೆ. ಬರೀ ಬಂದೂಕನ್ನು ತೋರಿಸುವ ಸಿನಿಮಾ ನಮ್ಮನ್ನು ಮೋಸ ಮಾಡುತ್ತದೆ.

ಈ ಎರಡೂ ಚಿತ್ರಗಳು ದೊಡ್ಡವರು ನೋಡುವಂಥವು, ಮಕ್ಕಳಿಗಲ್ಲ. ಆದರೆ ನಮ್ಮ ಮಕ್ಕಳು ಮೊಬೈಲಿನಲ್ಲಿ ಏನೇನೋ ನೋಡುತ್ತಾರೆ. ಬೈದು ಕಿತ್ತುಕೊಳ್ಳುವ ಬದಲು ಪಕ್ಕದಲ್ಲಿ ಕುಳಿತು, “ಈ ಹುಡುಗನಿಗೆ ಬಂದೂಕು ಕೊಟ್ಟವರು ಯಾರಪ್ಪಾ? ಅದಕ್ಕೆ ಮುಂಚೆ ಏನಾಗಿತ್ತು?” ಎಂದು ಕೇಳೋಣ. ಲೈನಿನಲ್ಲಿ ಶಾಲೆ ಬಿಟ್ಟ ಹುಡುಗನ ಕೈಯಲ್ಲಿ ದಿಢೀರನೆ ಕಾಸು ಓಡಾಡಿದರೆ, ಯಾರ ಸುದ್ದಿ ಹೊತ್ತು ತಿರುಗುತ್ತಿದ್ದಾನೆಂದು ವಿಚಾರಿಸೋಣ. ಅದೇ ಮೊದಲ ಮೆಟ್ಟಿಲು. ಇನ್ನೂ ಒಂದು ಮಾತು: ಒಮ್ಮೆ ಠಾಣೆಗೆ ಹೋಗಿ ಬಂದ ಹುಡುಗನನ್ನು ನಾವು ಯಾರೂ ಮಾತಾಡಿಸದಿದ್ದರೆ, ಅವನನ್ನು ಕರೆದು ಕೂರಿಸಿಕೊಳ್ಳುವವರು ಬೇರೆ ಇದ್ದಾರೆ. ಅವರಿಗಿಂತ ಮುಂಚೆ ನಾವು ಕರೆಯೋಣ, ಒಂದು ಲೋಟ ಚಹಾ ಕೊಡೋಣ.