ಸಂಬಾರ ಬಿಸ್ಕತ್ತಿನ ಆಯ್ಕೆ

ಕ್ರಿಸ್‌ಮಸ್ ಹಬ್ಬಕ್ಕೆ ಯಾವ ಬಿಸ್ಕತ್ತನ್ನು ಸುಡಬೇಕೆಂಬುದು ರೇಡಿಯೋ ಭಾಷಣಕ್ಕೆ ತಕ್ಕ ವಿಷಯವೇ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಗೋಕುಲಾಷ್ಟಮಿಗೆ ಎಷ್ಟು ಬಗೆಯ ತಿಂಡಿ, ಯಾವುದು ಮೊದಲು, ಯಾವುದು ಕಡೆಗೆ ಎಂಬ ಮಾತು ನಡೆಯದ ಮನೆ ನಮ್ಮಲ್ಲಿಯೂ ಅಪರೂಪವಷ್ಟೆ. ಆ ಮಾತಿನಲ್ಲಿ ರುಚಿಯ ಪ್ರಶ್ನೆಗಿಂತ ದಿನಗಳ ಪ್ರಶ್ನೆ, ಖರ್ಚಿನ ಪ್ರಶ್ನೆ, ಮಾಡುವ ಕೈಗಳ ಪ್ರಶ್ನೆ ಹೆಚ್ಚಾಗಿ ಅಡಗಿರುತ್ತದೆ. ಜರ್ಮನಿ, ಹಾಲೆಂಡ್, ಸ್ವೀಡನ್ ಮೊದಲಾದ ದೇಶಗಳ ಗೃಹಿಣಿಯರಿಗೂ ವರ್ಷದ ಕೊನೆಯಲ್ಲಿ ಎದುರಾಗುವುದು ಇದೇ ಪ್ರಶ್ನೆ. ಅವರು ಈ ಹಬ್ಬಕ್ಕೆಂದು ಮಾಡುವ ಸಂಬಾರ ಬಿಸ್ಕತ್ತುಗಳನ್ನು ಕುರಿತು, ಅವುಗಳಲ್ಲಿ ಆರಿಸಿಕೊಳ್ಳುವ ಕ್ರಮವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಲು ಬಯಸುತ್ತೇವೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷ್ ಸಾಹಿತ್ಯವನ್ನು ಓದುವವರಿಗೆ ‘ಜಿಂಜರ್‌ಬ್ರೆಡ್’ ಎಂಬ ಮಾತು ಬಹು ಬೇಗನೆ ಎದುರಾಗುತ್ತದೆ. ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹಳ್ಳಿಗನೊಬ್ಬನು ತನ್ನಲ್ಲಿ ಒಂದೇ ಒಂದು ಪೆನ್ನಿ ಉಳಿದಿದ್ದರೂ ಅದನ್ನು ಇದರ ಖರ್ಚಿಗಾಗಿ ಒಬ್ಬ ಹುಡುಗನಿಗೆ ಕೊಟ್ಟುಬಿಡುವೆನೆನ್ನುತ್ತಾನೆ. ನಮ್ಮ ವಿದ್ಯಾರ್ಥಿಯು ನಿಘಂಟನ್ನು ತೆರೆಯದೆ ‘ಶುಂಠಿಯ ರೊಟ್ಟಿ’ ಎಂದು ಅಂಚಿನಲ್ಲಿ ಬರೆದುಕೊಂಡು ಮುಂದಕ್ಕೆ ಹೋಗುತ್ತಾನೆ. ಅದು ರೊಟ್ಟಿಯಲ್ಲ. ಸಕ್ಕರೆಯಲ್ಲಿ ಹಾಕಿಟ್ಟ ಶುಂಠಿಗೆ ಹಳೆಯ ಫ್ರೆಂಚ್ ಭಾಷೆಯಲ್ಲಿ ‘ಜಿಂಜಬ್ರಾಸ್’ ಎಂಬ ಹೆಸರಿತ್ತು. ಇಂಗ್ಲಿಷರ ಕಿವಿಗೆ ಅದರ ತುದಿಯು ‘ಬ್ರೆಡ್’ ಎಂದು ಕೇಳಿಸಿತು. ಕಾಲಕ್ರಮದಲ್ಲಿ ಪದಾರ್ಥವೂ ಹೆಸರಿಗೆ ತಕ್ಕಂತೆ ಬದಲಾಯಿತು.

ಉಳಿದ ದೇಶಗಳ ಹೆಸರುಗಳಲ್ಲಿ ಶುಂಠಿಗಿಂತ ಮೆಣಸಿಗೇ ಅಗ್ರಸ್ಥಾನ. ಸ್ವೀಡನ್ನಿನವರ ‘ಪೆಪ್ಪರ್‌ಕಾಕೋರ್’, ಜರ್ಮನರ ‘ಫೆಫರ್‌ನ್ಯೂಸೆ’, ಡಚ್ಚರ ‘ಪೇಪರ್‌ನೋಟನ್’, ಎಲ್ಲದರಲ್ಲಿಯೂ ಮೆಣಸು ಕುಳಿತಿದೆ. ಪೋಲೆಂಡಿನ ಟೊರುನ್ ನಗರದ ಪ್ರಸಿದ್ಧ ‘ಪಿಯೆರ್ನಿಕ್’ ಎಂಬ ಹೆಸರೂ ಮೆಣಸಿನಿಂದಲೇ ಹುಟ್ಟಿದ್ದು. ಆದರೆ ಬಿಸ್ಕತ್ತನ್ನು ಬಾಯಿಗಿಟ್ಟು ನೋಡಿದರೆ ಮೆಣಸು ಅಷ್ಟಾಗಿ ಸಿಕ್ಕುವುದಿಲ್ಲ. ಹಲವು ಮನೆಗಳಲ್ಲಿ ಹಾಕುವುದೇ ಇಲ್ಲ. ಪೂರ್ವದೇಶಗಳಿಂದ ಬಂದ ಎಲ್ಲ ಸಂಬಾರಗಳಿಗೂ ಹಿಂದಿನ ಕಾಲದಲ್ಲಿ ಮೆಣಸೆಂಬುದೇ ಸಾಮಾನ್ಯ ನಾಮವಾಗಿತ್ತು. ಇನ್ನೊಂದು ವಿನೋದವಿದೆ. ‘ಪೆಪ್ಪರ್’ ಎಂಬ ಶಬ್ದದ ಮೂಲ ಸಂಸ್ಕೃತದ ‘ಪಿಪ್ಪಲಿ’, ಎಂದರೆ ನಮ್ಮ ಹಿಪ್ಪಲಿ. ಹಿಪ್ಪಲಿಯ ಹೆಸರು ಗ್ರೀಕ್, ಲ್ಯಾಟಿನ್ ಭಾಷೆಗಳ ಮೂಲಕ ಹಾಯ್ದು ಕರಿಮೆಣಸಿನ ಪಾಲಾಯಿತು. ಆ ಕರಿಮೆಣಸಿನ ತವರು ನಮ್ಮ ಪಶ್ಚಿಮಘಟ್ಟಗಳು. ಶರಾವತಿಯ ದಡದ ಗೇರುಸೊಪ್ಪೆಯನ್ನು ಹದಿನಾರನೆಯ ಶತಮಾನದಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಏಲಕ್ಕಿಯೂ ಇದೇ ಕಾಡುಗಳ ಬೆಳೆ. ಹೀಗಿರುವುದರಿಂದ ಈ ಬಿಸ್ಕತ್ತುಗಳು ನಮಗೆ ಪೂರ್ತಿ ಪರಕೀಯವೆಂದು ಹೇಳುವಂತಿಲ್ಲ.

ಇನ್ನು ಆಯ್ಕೆಗೆ ಬರೋಣ. ನಾರ್ವೆ, ಸ್ವೀಡನ್ ದೇಶಗಳಲ್ಲಿ ಏಳು ಬಗೆಯೆಂಬ ಒಂದು ಕಟ್ಟಳೆ ಬಹುಕಾಲ ನಡೆದುಬಂದಿತ್ತು. ನಾರ್ವೆಯಲ್ಲಿ ಹಬ್ಬಕ್ಕೆ ಏಳು ಬಗೆಯ ಬಿಸ್ಕತ್ತು. ಸ್ವೀಡನ್ನಿನಲ್ಲಿ ಅತಿಥಿಗಳು ಕಾಫಿಗೆ ಬಂದರೆ ಏಳು ಬಗೆ. ಸ್ವೀಡನ್ನಿನಲ್ಲಿ ೧೯೪೫ರಲ್ಲಿ ಪ್ರಕಟವಾದ ಒಂದು ಪಾಕಪುಸ್ತಕಕ್ಕೆ ‘ಏಳು ಬಗೆಯ ಬಿಸ್ಕತ್ತು’ ಎಂದೇ ಹೆಸರು. ಆರು ಬಗೆಯಿಟ್ಟವಳು ಜಿಪುಣಿ, ಎಂಟು ಬಗೆಯಿಟ್ಟವಳು ಜಂಬಗಾರ್ತಿ! ಇಂಥ ಲೆಕ್ಕದಲ್ಲಿ ಮನೆಯ ಮರ್ಯಾದೆ ತಟ್ಟೆಗೆ ಬರುತ್ತದೆ. ಮಾಡುವಾಕೆಯ ಬೆನ್ನು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಹಾಡಲು ಕುಳಿತಿರುವಾಗ ತಾಯಿಯೊಬ್ಬಳು ಒಲೆಯ ಮುಂದೆ ನಿಂತಿದ್ದರೆ ಆ ಏಳು ಬಗೆಯಿಂದ ಯಾರಿಗೆ ಏನು ಲಾಭ? ಮೂರು ಬಗೆ ಸಾಕೆಂಬುದು ನಮ್ಮ ಅಭಿಪ್ರಾಯ. ಆ ಮೂರನ್ನು ಹೆಸರು ನೋಡಿ, ಚಿತ್ರ ನೋಡಿ ಆರಿಸದೆ, ಕ್ಯಾಲೆಂಡರನ್ನು ನೋಡಿ ಆರಿಸತಕ್ಕದ್ದು. ಈ ಬಿಸ್ಕತ್ತುಗಳಲ್ಲಿ ಕೆಲವಕ್ಕೆ ವಾರಗಟ್ಟಲೆ ವಿರಾಮ ಬೇಕು. ಕೆಲವು ಒಂದು ರಾತ್ರಿ ಕಾಯುತ್ತವೆ. ಕೆಲವು ಹಬ್ಬ ಹತ್ತಿರ ಬಂದ ಮೇಲೆಯೇ ಆಗಬೇಕು. ಪ್ರತಿಯೊಂದು ಗುಂಪಿನಿಂದಲೂ ಒಂದೊಂದನ್ನು ತೆಗೆದುಕೊಂಡರೆ ಕೆಲಸ ತಾನಾಗಿ ಹಂಚಿಹೋಗುತ್ತದೆ.

ಬಹುದಿನ ಬಾಳುವವುಗಳಲ್ಲಿ ಶ್ರೇಷ್ಠವಾದುದು ಜರ್ಮನಿಯ ‘ಲೇಬ್‌ಕೂಖನ್’. ಇದರ ರಾಜಧಾನಿ ನ್ಯೂರೆಂಬರ್ಗ್ ನಗರ. ಊರಿನ ಸುತ್ತಣ ಕಾಡುಗಳಲ್ಲಿ ಜೇನು ಸಮೃದ್ಧಿಯಾಗಿತ್ತು. ವ್ಯಾಪಾರದ ಹೆದ್ದಾರಿಗಳು ಊರಿನಲ್ಲಿ ಕೂಡುತ್ತಿದ್ದುದರಿಂದ ಸಂಬಾರವೂ ಬರುತ್ತಿತ್ತು. ಜೇನು, ಸಂಬಾರ ಎರಡೂ ಒಂದೆಡೆ ಸೇರಿದ ಮೇಲೆ ಕಸುಬು ಬೆಳೆಯುವುದು ಸಹಜ. ೧೬೪೩ರಲ್ಲಿ ಅಲ್ಲಿ ಲೇಬ್‌ಕೂಖನ್ ಮಾಡುವವರಿಗೇ ಪ್ರತ್ಯೇಕವಾದ ಒಂದು ಶ್ರೇಣಿ ಏರ್ಪಟ್ಟಿತು. ೧೯೯೬ರಿಂದ ಯೂರೋಪಿನ ಒಕ್ಕೂಟದ ಕಾನೂನು ಆ ಹೆಸರನ್ನು ರಕ್ಷಿಸುತ್ತಿದೆ. ಬೇರೆ ಊರಿನಲ್ಲಿ ಮಾಡಿದ್ದನ್ನು ನ್ಯೂರೆಂಬರ್ಗಿನದೆಂದು ಮಾರುವಂತಿಲ್ಲ. ಇದರಲ್ಲಿ ‘ಎಲಿಸೆನ್’ ಎಂಬ ಉತ್ತಮ ಜಾತಿಯಲ್ಲಿ ಬಾದಾಮಿ, ಹೇಜಲ್‌ನಟ್, ಆಕ್ರೋಟುಗಳು ನೂರಕ್ಕೆ ೨೫ಕ್ಕೆ ಕಡಮೆಯಿರಬಾರದು. ಹಿಟ್ಟು ನೂರಕ್ಕೆ ೧೦ನ್ನು ಮೀರಬಾರದು. ಹಿಟ್ಟು ಇಷ್ಟು ಕಡಮೆಯಾದರೆ ಉಂಡೆ ನಿಲ್ಲುವುದಿಲ್ಲವಾದ್ದರಿಂದ ತೆಳುವಾದ ಬಿಲ್ಲೆಯಂಥ ಹಾಳೆಯ ಮೇಲೆ ಹರಡಿ ಬೇಯಿಸುತ್ತಾರೆ.

ಜೇನು ಹಾಕಿದ ಸಾಧಾರಣ ಜಾತಿಯದು ಮನೆಯವರಿಗೆ ಹೆಚ್ಚು ಅನುಕೂಲ. ಹೋಳಿಗೆಯ ಕಣಕವನ್ನು ಕೆಲವು ಗಂಟೆ ನೆನೆಯಿಡುವಂತೆ ಹಳೆಯ ಕಸುಬುದಾರರು ಇದರ ಕಣಕವನ್ನು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ತಂಪಿನಲ್ಲಿ ಇಡುತ್ತಿದ್ದರು. ಅಷ್ಟರಲ್ಲಿ ಹಿಟ್ಟು ಚೆನ್ನಾಗಿ ನೆನೆದು, ಕಣಕಕ್ಕೆ ತುಸು ಹುಳಿಯ ಗುಣ ಬಂದು, ಉಬ್ಬುವುದಕ್ಕೆಂದು ಹಾಕುವ ಪೊಟ್ಯಾಷಿಯಂ ಕಾರ್ಬೊನೇಟು ತನ್ನ ಕೆಲಸ ಮಾಡಲು ಸಹಾಯವಾಗುತ್ತದೆ. ಒಲೆಯಿಂದ ಇಳಿಸಿದಾಗ ಇದು ಸ್ವಲ್ಪ ಹೊತ್ತಿನಲ್ಲಿಯೇ ಗಟ್ಟಿಯಾಗುವುದುಂಟು. ಗಾಬರಿಪಡಬೇಕಾಗಿಲ್ಲ. ಜೇನು ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವದ್ದು. ಡಬ್ಬಿಯಲ್ಲಿಟ್ಟರೆ ದಿನಗಳು ಕಳೆದಂತೆ ಮೆತ್ತಗಾಗಿ, ಲವಂಗದ ಖಾರ, ದಾಲ್ಚಿನ್ನಿಯ ಸಿಹಿ, ಕಿತ್ತಲೆ ಸಿಪ್ಪೆಯ ಕಹಿ ಒಂದರೊಡನೊಂದು ಹೊಂದಿಕೊಳ್ಳುತ್ತವೆ. ಮಾಡಿದ ದಿನ ತಿಂದು ‘ಇಷ್ಟೇನೆ?’ ಎಂದವನು ಮೂರನೆಯ ವಾರ ಮತ್ತೊಂದು ಕೇಳುತ್ತಾನೆ. ಆದಕಾರಣ ಇದನ್ನು ನವೆಂಬರಿನ ಕೊನೆಯಲ್ಲಿಯೇ ಮುಗಿಸಬೇಕು. ದೂರದ ನಂಟರಿಗೆ ಅಂಚೆಯಲ್ಲಿ ಕಳಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯ ಗುಂಪಿಗೆ ಸ್ವೀಡನ್ನಿನ ಪೆಪ್ಪರ್‌ಕಾಕೋರನ್ನು ಹೇಳಬಹುದು. ಕಾಕಂಬಿಯಂಥ ಕಪ್ಪು ಪಾಕ, ಬೆಣ್ಣೆ, ಶುಂಠಿ, ಲವಂಗ, ದಾಲ್ಚಿನ್ನಿ, ಹಲವರಲ್ಲಿ ಏಲಕ್ಕಿ. ಕಣಕವನ್ನು ಒಂದು ರಾತ್ರಿ ತಂಪಿನಲ್ಲಿಟ್ಟು, ಮರುದಿನ ಎರಡು ಮೂರು ಮಿಲಿಮೀಟರಿನಷ್ಟು ತೆಳ್ಳಗೆ ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ, ೨೦೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಮಾರು ಐದು ನಿಮಿಷ ಇಟ್ಟರೆ ಸಾಕು. ಮಕ್ಕಳ ಕೈಗೆ ಕೊಡತಕ್ಕ ಕೆಲಸವೆಂದರೆ ಇದೇ. ಕಣಕವು ಕೆಲವು ದಿನ ಕಾದಿರುವುದರಿಂದ ಶಾಲೆಯ ರಜೆ ನೋಡಿಕೊಂಡು ಮಾಡಬಹುದು. ಡಿಸೆಂಬರ್ ೧೩ರ ಸಂತ ಲೂಸಿಯಾ ಹಬ್ಬದ ಹೊತ್ತಿಗೆ ಇದು ಸಿದ್ಧವಾಗಿರುವುದು ಅಲ್ಲಿನ ವಾಡಿಕೆ. ಅಂಗೈಯಲ್ಲಿಟ್ಟು ಮನಸ್ಸಿನಲ್ಲಿ ಏನನ್ನಾದರೂ ಬಯಸಿ ಬೆರಳಿನಿಂದ ತಟ್ಟಿದರೆ ಮೂರು ಹೋಳಾಗಬೇಕು. ಆದರೆ ಬಯಸಿದ್ದು ಕೈಗೂಡುತ್ತದಂತೆ. ಎರಡಾದರೂ ನಾಲ್ಕಾದರೂ ತಿನ್ನುವುದಕ್ಕಂತೂ ಅಡ್ಡಿಯಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಇಂಥ ತೆಳು ಬಿಸ್ಕತ್ತಿಗೆ ಹಾಕುವ ಹಳೆಯ ಉಪ್ಪು ಒಂದುಂಟು. ಜಿಂಕೆಯ ಕೊಂಬನ್ನು ಕಾಯಿಸಿ ತೆಗೆಯುತ್ತಿದ್ದುದರಿಂದ ಅದಕ್ಕೆ ಜಿಂಕೆಕೊಂಬಿನ ಉಪ್ಪೆಂದು ಹೆಸರು. ಈಗ ಅದು ಕಾರ್ಖಾನೆಯಲ್ಲಿ ತಯಾರಾಗುವ ಅಮೋನಿಯಂ ಬೈಕಾರ್ಬೊನೇಟು; ಕೊಂಬಿನ ಸಂಬಂಧವಿಲ್ಲವಾದ್ದರಿಂದ ಶಾಕಾಹಾರಿಗಳು ಸಂಕೋಚಪಡಬೇಕಾಗಿಲ್ಲ. ಶಾಖಕ್ಕೆ ಅದು ಅಮೋನಿಯ, ಇಂಗಾಲಾಮ್ಲ, ನೀರಾವಿಗಳಾಗಿ ಪೂರ್ತಿ ಒಡೆದುಹೋಗುತ್ತದೆ. ತೆಳುವಾದ ಬಿಸ್ಕತ್ತಿನಿಂದ ಅನಿಲವೆಲ್ಲ ಹೊರಟು ಗರಿಗರಿಯಾದ ಮೈ ಉಳಿಯುತ್ತದೆ. ದಪ್ಪನಾದ ಕೇಕಿಗೆ ಹಾಕಿದರೆ ಅಮೋನಿಯ ಒಳಗೇ ನಿಂತು ದುರ್ವಾಸನೆಯಾಗುತ್ತದೆ. ಅದು ಸಿಕ್ಕದಿದ್ದರೆ ಅಡಿಗೆ ಸೋಡವೂ ಆಗುತ್ತದೆ. ಬಣ್ಣ ಸ್ವಲ್ಪ ಹೆಚ್ಚು ಕಂದಾಗುತ್ತದೆ.

ಬಣ್ಣದ ಸಕ್ಕರೆಯಿಂದ ಅಲಂಕರಿಸಿದ ಬಿಸ್ಕತ್ತಿನ ಮನೆಗಳನ್ನು ಹಲವರು ಚಿತ್ರದಲ್ಲಿ ನೋಡಿರಬಹುದು. ಗ್ರಿಮ್ ಸೋದರರು ೧೮೧೨ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಮಾಟಗಾತಿಯ ಮನೆ ರೊಟ್ಟಿಯದು, ಮಾಡು ಕೇಕಿನದು, ಕಿಟಕಿ ಸಕ್ಕರೆಯದು. ಅಂಥ ಮನೆಯನ್ನು ಕಟ್ಟುವ ಬಿಸ್ಕತ್ತು ಗೋಡೆಯಾಗಿ ನಿಲ್ಲಬೇಕಾದ್ದು. ಅದರಿಂದ ರುಚಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕೊನೆಯ ಗುಂಪಿನಲ್ಲಿ ನಮಗೆ ಪ್ರಿಯವಾದುದು ಜರ್ಮನರ ‘ತ್ಸಿಮ್ಟ್‌ಸ್ಟೆರ್ನ’, ಎಂದರೆ ದಾಲ್ಚಿನ್ನಿಯ ನಕ್ಷತ್ರ. ಮೊಟ್ಟೆಯ ಬಿಳಿಯ ಭಾಗ, ಪುಡಿಸಕ್ಕರೆ, ಬಾದಾಮಿಯ ಪುಡಿ, ದಾಲ್ಚಿನ್ನಿ; ಹಿಟ್ಟಿಲ್ಲ, ಬೆಣ್ಣೆಯಿಲ್ಲ. ಮೇಲಣ ಸಕ್ಕರೆಯ ಲೇಪ ಬೆಳ್ಳಗೇ ಉಳಿಯಬೇಕಾದ್ದರಿಂದ ಮಂದವಾದ ಶಾಖದಲ್ಲಿ ಒಣಗಿಸಿದಂತೆ ಬೇಯಿಸಬೇಕು. ಕೈಗೆ ಅಂಟುವ ಕೆಲಸ. ಮಕ್ಕಳನ್ನು ಹತ್ತಿರ ಸೇರಿಸದಿರುವುದು ಮೇಲು. ಇದರಲ್ಲಿ ಸಂಬಾರ ಒಂದೇ ಆದ್ದರಿಂದ ಆ ಒಂದು ಯಾವುದೆಂಬುದು ಮುಖ್ಯ. ಅಂಗಡಿಯಲ್ಲಿ ದಾಲ್ಚಿನ್ನಿಯೆಂದು ಸಿಕ್ಕುವುದರಲ್ಲಿ ಎರಡು ಜಾತಿ. ಸಿಂಹಳದ ನಿಜವಾದ ದಾಲ್ಚಿನ್ನಿಯ ಸುರುಳಿಯಲ್ಲಿ ಕಾಗದದಂಥ ತೆಳುವಾದ ಪದರಗಳು ಹಲವಿರುತ್ತವೆ. ಕ್ಯಾಸಿಯ ಎಂಬ ಇನ್ನೊಂದರ ಚಕ್ಕೆ ದಪ್ಪ, ಗಡುಸು, ಒಂದೇ ಪದರ. ಕ್ಯಾಸಿಯದಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು. ಅದು ಮಿತಿಮೀರಿದರೆ ಕೆಲವರ ಯಕೃತ್ತಿಗೆ ಕೇಡು. ೨೦೦೬ರಲ್ಲಿ ಜರ್ಮನಿಯಲ್ಲಿ ಈ ನಕ್ಷತ್ರಗಳ ವಿಷಯವಾಗಿಯೇ ಎಚ್ಚರಿಕೆ ಹೊರಟು, ದೊಡ್ಡ ಗದ್ದಲವಾಯಿತು. ಯೂರೋಪಿನ ಈಗಿನ ಕಾನೂನಿನ ಪ್ರಕಾರ ಹಬ್ಬದ ದಾಲ್ಚಿನ್ನಿ ಬಿಸ್ಕತ್ತಿನಲ್ಲಿ ಕಿಲೋಗ್ರಾಮಿಗೆ ೫೦ ಮಿಲಿಗ್ರಾಮಿಗಿಂತ ಹೆಚ್ಚು ಕೂಮರಿನ್ ಇರಕೂಡದು. ದಿನಂಪ್ರತಿ ಸೇವಿಸಿದರೂ ಬಾಧಕವಿಲ್ಲವೆಂದು ವಿಜ್ಞಾನಿಗಳು ಗೊತ್ತುಮಾಡಿರುವ ಮಿತಿ ದೇಹದ ತೂಕದ ಕಿಲೋಗ್ರಾಮಿಗೆ ೦.೧ ಮಿಲಿಗ್ರಾಂ. ಲೆಕ್ಕ ಹಾಕಿದರೆ, ೧೫ ಕಿಲೋಗ್ರಾಂ ತೂಕದ ಮಗುವಿಗೆ ಅಂಥ ಬಿಸ್ಕತ್ತು ೩೦ ಗ್ರಾಂ ಆಗುತ್ತಲೇ ಮಿತಿ ಮುಟ್ಟುತ್ತದೆ. ಹಬ್ಬದ ಎರಡು ದಿನ ನಾಲ್ಕು ಹೆಚ್ಚು ತಿಂದರೆ ಭಯವಿಲ್ಲ. ಆದರೂ ಮಕ್ಕಳಿರುವ ಮನೆಯಲ್ಲಿ ಸಿಂಹಳದ ದಾಲ್ಚಿನ್ನಿಯನ್ನು ಚಕ್ಕೆಯಾಗಿಯೇ ಕೊಂಡು ಪುಡಿಮಾಡಿಕೊಳ್ಳುವುದು ವಿವೇಕ. ಪುಡಿಯಾದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ.

ಡಚ್ಚರ ‘ಸ್ಪೆಕುಲಾಸ್’ ಈ ಕ್ರಮಕ್ಕೆ ಸ್ವಲ್ಪ ಹೊರಗೆ ನಿಲ್ಲುತ್ತದೆ. ಅವರಿಗೆ ದೊಡ್ಡ ಸಂಭ್ರಮ ಡಿಸೆಂಬರ್ ೫ರ ಸಂಜೆಯ ಸಂತ ನಿಕೋಲಾಸನ ಹಬ್ಬ. ಕೆತ್ತನೆಯ ಮರದ ಅಚ್ಚಿಗೆ ಹಿಟ್ಟನ್ನು ಉದುರಿಸಿ, ಕಣಕವನ್ನು ಒತ್ತಿ, ತಟ್ಟಿ ಕೆಡವುತ್ತಾರೆ; ಸಂತನ ವಿಗ್ರಹ, ಗಾಳಿಗಿರಣಿ ಮೊದಲಾದ ಆಕಾರಗಳು ಮೂಡುತ್ತವೆ. ಹಿಟ್ಟು ಎರಡು ಪಾಲಾದರೆ ಬೆಣ್ಣೆ ಹೆಚ್ಚುಕಡಮೆ ಒಂದು ಪಾಲು, ಕಂದುಸಕ್ಕರೆ ಒಂದು ಪಾಲು. ಸಂಬಾರದಲ್ಲಿ ದಾಲ್ಚಿನ್ನಿ ಮುಂದಾಳು. ಜಾಕಾಯಿ, ಲವಂಗ, ಶುಂಠಿ, ಏಲಕ್ಕಿ, ಬಿಳಿಮೆಣಸು ಅದರ ಹಿಂದೆ. ಜಾಕಾಯಿಯ ಮಾತು ಬಂದಾಗ ಇತಿಹಾಸದ ಒಂದು ಪುಟವನ್ನು ಮರೆಯಲಾಗದು. ಹದಿನೇಳನೆಯ ಶತಮಾನದಲ್ಲಿ ಲೋಕದ ಜಾಕಾಯಿಯೆಲ್ಲ ಬರುತ್ತಿದ್ದುದು ಪೂರ್ವಸಮುದ್ರದ ಬಂಡಾ ಎಂಬ ಪುಟ್ಟ ದ್ವೀಪಗಳಿಂದ. ೧೬೦೨ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯ ಕಂಪೆನಿಗೆ ಆ ವ್ಯಾಪಾರ ತನ್ನೊಬ್ಬನದೇ ಆಗಬೇಕಾಗಿತ್ತು. ೧೬೨೧ರಲ್ಲಿ ಯಾನ್ ಪೀಟರ್‌ಸೂನ್ ಕೂನ್ ಎಂಬ ಗವರ್ನರ್ ಜನರಲ್ ಸೈನ್ಯದೊಡನೆ ಅಲ್ಲಿಗೆ ಇಳಿದನು. ದ್ವೀಪವಾಸಿಗಳಲ್ಲಿ ಹೆಚ್ಚಿನವರು ಕೊಲೆಗೋ ಹಸಿವಿಗೋ ತುತ್ತಾದರು, ಇಲ್ಲವೆ ಗುಲಾಮರಾಗಿ ಸಾಗಿಸಲ್ಪಟ್ಟರು. ತೋಟಗಳು ಕಂಪೆನಿಯವರ ಪಾಲಾದುವು. ಆ ಬೀಜ ಇಂದು ನಮ್ಮ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕುತ್ತದೆ. ತುರಿಯುವಾಗ ಚಿಟಿಕೆಯಷ್ಟೇ ಸಾಕಾಗುತ್ತದೆ, ಹೆಚ್ಚಾದರೆ ಕಹಿ.

ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡಿ ನೆರೆಹೊರೆಗೆ ಹಂಚುವ ‘ಕುಸ್ವಾರ್’ ಬೇರೆಯೇ ಪರಂಪರೆ. ಕುಲ್‌ಕುಲ್, ನೆವ್ರಿ ಮೊದಲಾದವು ಎಣ್ಣೆಯಲ್ಲಿ ಕರಿದವು. ಅವಕ್ಕೆ ಅವನ್ ಬೇಕಿಲ್ಲ. ಸಮುದ್ರದ ತೇವವಿರುವ ಊರಿನಲ್ಲಿ ಪೆಪ್ಪರ್‌ಕಾಕೋರನ್ನು ಮಾಡುವವರು ಆರಿದ ಕೂಡಲೇ ಬಿಗಿಯಾದ ಡಬ್ಬಿಗೆ ತುಂಬಬೇಕು, ಇಲ್ಲವಾದರೆ ಸಂಜೆಯ ವೇಳೆಗೆ ಮೆತ್ತಗಾಗುತ್ತವೆ. ಲೇಬ್‌ಕೂಖನ್ನಿನದು ಇದಕ್ಕೆ ವಿರುದ್ಧ. ಅದು ಬಯಲುಸೀಮೆಯ ಒಣಹವೆಯಲ್ಲಿ ಮೆತ್ತಗಾಗದೆ ಹಟಹಿಡಿದರೆ ಡಬ್ಬಿಯೊಳಗೆ ಸೇಬಿನ ಒಂದು ಹೋಳನ್ನು ಕಾಗದದ ಮೇಲಿಟ್ಟು ಮುಚ್ಚಬಹುದು. ಹೋಳನ್ನು ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು, ಬೂಷ್ಟು ಹಿಡಿಯಲು ಬಿಡಬಾರದು. ಎರಡು ಬಗೆಯನ್ನೂ ಒಂದೇ ಡಬ್ಬಿಯಲ್ಲಿ ಮಾತ್ರ ಇಡಕೂಡದು. ಗರಿಗರಿಯಾದುದು ಕೆಡುತ್ತದೆ, ಮೆತ್ತಗಾಗಬೇಕಾದುದು ಆಗುವುದಿಲ್ಲ.