ಒಳಗಿನ ಕತ್ತಲಿಗೆ ಕೇಳುಗರು ಯಾರು?



ಈ ಎರಡು ದಿನಗಳ ವಿಚಾರ ಸಂಕಿರಣಕ್ಕೆ ‘ಒಳಗಿನ ಕತ್ತಲು: ಸಾಹಿತ್ಯ ಮತ್ತು ಮನೋವಿಜ್ಞಾನ’ ಎಂದು ಹೆಸರಿಟ್ಟಿದ್ದೀರಿ. ಇಂಥ ವಿಷಯ ಸಿಕ್ಕಾಗ ಆಶಯ ಭಾಷಣಕಾರರಿಗೆ ಒಂದು ಸಲೀಸಾದ ದಾರಿ ಇದ್ದೇ ಇದೆ. ಉಪನಿಷತ್ತಿನ ಪ್ರಾರ್ಥನೆಯೊಂದನ್ನು ನೆನೆದು, ಎಲ್ಲರ ಬಾಳಿನಲ್ಲೂ ಬೆಳಕು ಮೂಡಲಿ ಎಂದು ಹಾರೈಸಿ ಕೂತುಬಿಡಬಹುದು. ಆದರೆ ದೀಪ ಬೆಳಗುವ ಕೆಲಸವನ್ನು ಉದ್ಘಾಟಕರು ಆಗಲೇ ಮುಗಿಸಿದ್ದಾರೆ. ಹಾಗಾಗಿ ನಾನು ನೇರವಾಗಿ ಕತ್ತಲಿಗೇ ಬರುತ್ತೇನೆ.

ಕನ್ನಡದ ಕೆಲವು ಕೃತಿಗಳನ್ನು ಮುಂದಿಟ್ಟುಕೊಂಡು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮನಸ್ಸಿನ ಕತ್ತಲನ್ನು ಒಬ್ಬರೇ ಹೊಕ್ಕು ಒಬ್ಬರೇ ಗೆದ್ದು ಬರುವ ವೀರಗಾಥೆ ನಮ್ಮ ಪರಂಪರೆಯಲ್ಲಿ ಅಪರೂಪ. ನೋವೋ ತಪ್ಪೋ ಭಯವೋ, ಅದನ್ನು ಇನ್ನೊಬ್ಬರ ಮುಂದೆ ಹೇಳಲು ಆದಾಗ ಅಲ್ಲಿ ಏನಾದರೂ ಅರ್ಥ ಕಾಣುತ್ತದೆ. ಹೇಳಲಾಗದೆ ಉಳಿದದ್ದು ಬೇರೆ ಯಾವುದೋ ದಾರಿಯಲ್ಲಿ ಹೊರಬಿದ್ದು ಯಾರನ್ನೋ ಬಲಿ ತೆಗೆದುಕೊಳ್ಳುತ್ತದೆ. ಹಾಗಾಗಿ ಕೇಳುವವರು ಯಾರು ಎಂಬ ಪ್ರಶ್ನೆ ಈ ಸಂಕಿರಣದ ನಡುವೆ ಇರಬೇಕು ಎಂಬುದು ನನ್ನ ಆಸೆ.

ಮೊದಲು ಅಲ್ಲಮನನ್ನು ನೋಡೋಣ. ಅವನ ಬದುಕಿನ ಎರಡು ಕಥೆಗಳು ನಮ್ಮಲ್ಲಿವೆ. ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಮದ್ದಳೆಗಾರ. ಕಮಲತೆ ಎಂಬವಳನ್ನು ಮೆಚ್ಚಿದ, ಅವಳೊಡನೆ ಸುಖವಾಗಿ ಬಾಳಿದ. ಇದ್ದಕ್ಕಿದ್ದಂತೆ ಜ್ವರ ಬಂದು ಅವಳು ತೀರಿಕೊಂಡಳು. ಅಲ್ಲಮ ಹುಚ್ಚನಂತೆ ಅವಳ ಹೆಸರು ಕೂಗುತ್ತ ಅಲೆದ. ಕೊನೆಗೊಂದು ದಿನ ಊರಾಚೆಯ ತೋಪಿನಲ್ಲಿ ತಲೆ ತಗ್ಗಿಸಿ ಕೂತು, ಮಾಡಲು ಏನೂ ತೋಚದೆ ಕಾಲುಗುರಿನಿಂದ ನೆಲ ಕೆರೆಯುತ್ತಿದ್ದಾಗ ಮಣ್ಣಿನಿಂದ ಹೊನ್ನ ಕಳಸದ ತುದಿ ಕಾಣಿಸಿತು. ಅಗೆಸಿದ. ಹೂತುಹೋಗಿದ್ದ ಗುಡಿಯ ಮುಚ್ಚಿದ ಬಾಗಿಲು ಎದುರಾಯಿತು. ಆಗುವುದಾಗಲಿ ಎಂದು ಒದ್ದು ಒಳಹೊಕ್ಕ. ಅಲ್ಲಿ ಅನಿಮಿಷಯ್ಯ ಎಂಬ ಯೋಗಿ ಲಿಂಗದಲ್ಲಿ ದೃಷ್ಟಿ ನೆಟ್ಟು ಕೂತಿದ್ದ. ಲಿಂಗ ಅಲ್ಲಮನ ಕೈಗೆ ಬಂತು, ಆ ಗಳಿಗೆಯಲ್ಲೇ ಯೋಗಿಯ ಪ್ರಾಣ ಹೋಯಿತು.

ಇಲ್ಲಿ ದುಃಖದಲ್ಲಿದ್ದವನ ನಡವಳಿಕೆಯನ್ನು ಹರಿಹರ ಎಷ್ಟು ಹತ್ತಿರದಿಂದ ನೋಡಿದ್ದಾನೆ! ಅಲ್ಲಮ ಸತ್ಯ ಹುಡುಕಲು ಹೊರಟವನಲ್ಲ, ಸಾಧನೆಗೆ ಕೂತವನೂ ಅಲ್ಲ. ನೆಲ ಕೆರೆಯುವುದು ಗುರಿಯಿಲ್ಲದ ಕೆಲಸ. ಸಾವಿನ ಮನೆಯ ಜಗಲಿಯ ಮೇಲೆ ಕೂತವರು ಚಾಪೆಯ ಎಳೆ ಕೀಳುತ್ತ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಇನ್ನೊಂದು ವಿಷಯ: ಬಾಗಿಲು ತೆರೆದಾಗ ಒಳಗೆ ಒಬ್ಬ ಮನುಷ್ಯ ಇದ್ದ, ಅವನು ಕಣ್ಣು ಮುಚ್ಚಿರಲಿಲ್ಲ. ಅಲ್ಲಮನಿಗೆ ದೊರೆತದ್ದು ಇನ್ನೊಬ್ಬನ ಕೈಯಿಂದ.

ಹದಿನೈದನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಈ ಕಥೆಯನ್ನು ಒಪ್ಪಲಿಲ್ಲ. ಅವನ ಅಲ್ಲಮ ಬನವಸೆಗೆ ಬರುತ್ತಾನೆ, ಅಲ್ಲಿಯ ಮಾಯಾದೇವಿ ಅವನನ್ನು ಮೋಹಿಸುತ್ತಾಳೆ, ಅವನು ಮಾತ್ರ ಯಾವುದನ್ನೂ ಅಂಟಿಸಿಕೊಳ್ಳುವುದಿಲ್ಲ. ಆರಾಧಕರಿಗೆ ಇಂಥ ಅಲ್ಲಮ ಬೇಕಾಗಿದ್ದ, ಅದು ಅರ್ಥವಾಗುವಂಥದ್ದೇ. ಮಹಾತ್ಮರು ಅತ್ತರು, ಸೋತರು, ದಿಕ್ಕೆಟ್ಟರು ಎಂದರೆ ಅನುಯಾಯಿಗಳಿಗೆ ಕಸಿವಿಸಿ. ಇವತ್ತಿಗೂ ಅಭಿನಂದನ ಗ್ರಂಥಗಳಲ್ಲಿ, ಜೀವನ ಚರಿತ್ರೆಗಳಲ್ಲಿ ನಾವು ಚಾಮರಸನ ದಾರಿಯನ್ನೇ ಹಿಡಿಯುತ್ತೇವೆ. ದೊಡ್ಡವರ ಖಿನ್ನತೆಯನ್ನು, ಕುಸಿತವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಆಗ ಮನೆಯ ಮೂಲೆಯಲ್ಲಿ ನೆಲ ಕೆರೆಯುತ್ತ ಕೂತ ಸಾಮಾನ್ಯ ಓದುಗನಿಗೆ ತನ್ನಂಥವರು ಯಾರೂ ಇರಲಿಲ್ಲ ಎನ್ನಿಸುತ್ತದೆ.

‘ಶೂನ್ಯಸಂಪಾದನೆ’ಯಲ್ಲಿ ಇದೇ ಅಲ್ಲಮ ಒಬ್ಬ ದುಃಖಿತಳ ಎದುರು ನಿಲ್ಲುತ್ತಾನೆ. ಅವಳು ಮುಕ್ತಾಯಕ್ಕ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿದ್ದಾಳೆ. ಯಾರು ನೀನು, ಯಾಕೆ ಅಳುತ್ತೀಯ ಎಂದು ಅಲ್ಲಮ ವಿಚಾರಿಸುತ್ತಾನೆ. ಮುಂದೆ ನಡೆಯುವುದು ಸಾಂತ್ವನದ ಮಾತುಕತೆಯಲ್ಲ, ಸಮಬಲರ ವಾದ. ಇನ್ನೂ ಮಾತಿನ ಹಂಗನ್ನೇ ಬಿಡದ ನೀನು ನನಗೆ ಏನನ್ನು ಹೇಳಬಲ್ಲೆ ಎಂಬರ್ಥದಲ್ಲಿ ಅವಳು ತಿರುಗಿ ಕೇಳುತ್ತಾಳೆ. ಅಲ್ಲಮ ಸಿಟ್ಟಾಗುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಅವಳ ಪ್ರತಿಯೊಂದು ಮಾತಿಗೂ ನಿಂತು ಉತ್ತರ ಕೊಡುತ್ತಾನೆ. ಆಪ್ತಸಮಾಲೋಚಕರಾಗಲು ತರಬೇತಿ ಪಡೆಯುತ್ತಿರುವ ಮಕ್ಕಳು ಈ ಭಾಗವನ್ನು ಓದಲೇಬೇಕು. ದುಃಖದಲ್ಲಿರುವವರಿಗೆ ಬುದ್ಧಿಯೂ ಹಟವೂ ಇರುತ್ತವೆ, ಅವರನ್ನು ಬರೀ ಸಮಾಧಾನಪಡಿಸಿದರೆ ಸಾಲದು ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಪಾಠ ನನಗೆ ಬೇರೆ ಕಂಡಿಲ್ಲ.

ಮುಕ್ತಾಯಕ್ಕನ ವಚನಗಳ ಅಂಕಿತವನ್ನೂ ಗಮನಿಸಿ. ಅವಳು ಅಣ್ಣನನ್ನು ಮರೆತು ‘ಮುಂದೆ ಸಾಗಲಿಲ್ಲ’. ಬೇರೆ ವಚನಕಾರರು ಇಷ್ಟದೈವದ ಹೆಸರಿಡುವ ಜಾಗದಲ್ಲಿ ಅವಳು ಅಜಗಣ್ಣನ ಹೆಸರನ್ನು ಇಟ್ಟಳು. ಕಳೆದುಕೊಂಡವನನ್ನೇ ಉದ್ದೇಶಿಸಿ ಅವಳ ಚಿಂತನೆಯೆಲ್ಲ ನಡೆಯಿತು. ಇಷ್ಟು ದಿನವಾಯಿತಲ್ಲ, ಇನ್ನೂ ಅದನ್ನೇ ನೆನೆಯುತ್ತೀಯಾ ಎಂದು ದುಃಖಿತರನ್ನು ಅವಸರಪಡಿಸುವವರು ಈ ಅಂಕಿತದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ದುಃಖದ ಕತ್ತಲು ಒಂದು ಬಗೆ, ತಪ್ಪಿನ ಕತ್ತಲು ಇನ್ನೊಂದು ಬಗೆ. ಅದಕ್ಕೆ ಜನ್ನನ ‘ಯಶೋಧರ ಚರಿತೆ’ಗಿಂತ ಒಳ್ಳೆಯ ಉದಾಹರಣೆ ಬೇಡ. 1209ರ ಈ ಕಾವ್ಯದಲ್ಲಿ ರಾಣಿ ಅಮೃತಮತಿ ರಾತ್ರಿ ಆನೆಲಾಯದಿಂದ ಬಂದ ಹಾಡು ಕೇಳಿ, ಹಾಡಿದ ಕುರೂಪಿ ಮಾವಟಿಗನಿಗೆ ಮನಸೋಲುತ್ತಾಳೆ. ಯಶೋಧರ ಅವಳನ್ನು ಹಿಂಬಾಲಿಸಿ ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದವನು ತಡೆದುಕೊಂಡು ಹಿಂದಿರುಗುತ್ತಾನೆ. ಮರುದಿನ ತಾಯಿ ಚಂದ್ರಮತಿ ಮಗನ ಮುಖ ಬಾಡಿದ್ದನ್ನು ನೋಡಿ ಕೇಳಿದಾಗ, ಕಂಡದ್ದನ್ನು ಹೇಳಲಾಗದೆ, ಕೆಟ್ಟ ಕನಸು ಬಿತ್ತು ಎಂದುಬಿಡುತ್ತಾನೆ.

ಇಡೀ ಕಥೆ ತಿರುಗುವುದು ಈ ಒಂದು ಸುಳ್ಳಿನಿಂದ. ಕನಸಿನ ದೋಷಕ್ಕೆ ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ನಡುವೆ ಒಂದು ರಾಜಿ: ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುವುದು. ಅದರ ಚೆಲುವಿಗೆ ಸೋತ ಬೆಂತರವೊಂದು ಒಳಗೆ ಸೇರಿಕೊಂಡಿರುತ್ತದೆ, ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ರಕ್ತ ಬರಲಿಲ್ಲ, ಪ್ರಾಣ ಹೋಗಲಿಲ್ಲ, ಆದರೂ ಹಿಂಸೆ ನಡೆದುಹೋಯಿತು. ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂಬುದು ಜೈನ ದರ್ಶನದ ನಿಲುವು. ಓದುಗನಾಗಿ ನನಗೆ ಇನ್ನೊಂದು ಕಾಣುತ್ತದೆ. ಹಿಂದಿನ ರಾತ್ರಿ ಎತ್ತಿ ಇಳಿಸಿದ ಕತ್ತಿ ಇನ್ನೂ ಅವನ ಕೈಯಲ್ಲೇ ಇತ್ತು. ಹೇಳದೆ ನುಂಗಿಕೊಂಡ ಸಿಟ್ಟು ಹಿಟ್ಟಿನ ಕೋಳಿಯ ಕತ್ತಿನ ಮೇಲೆ ಬಿತ್ತು.

ಮುಂದೆ ತಾಯಿ, ಮಗ ವಿಷಕ್ಕೆ ಸಿಕ್ಕಿ ಸಾಯುತ್ತಾರೆ. ನವಿಲು, ನಾಯಿ ಮುಂತಾಗಿ ಪ್ರಾಣಿಜನ್ಮಗಳನ್ನು ಸುತ್ತಿ ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟುತ್ತಾರೆ. ಮಾರಿದತ್ತ ರಾಜ ಅವರನ್ನು ಮಾರಿಗೆ ನರಬಲಿ ಕೊಡಲು ನಿಲ್ಲಿಸಿರುವಾಗ ಹುಡುಗ ತನ್ನ ಹಿಂದಿನ ಕಥೆಯನ್ನೆಲ್ಲ ಹೇಳುತ್ತಾನೆ, ಒಂದೂ ಮುಚ್ಚಿಡುವುದಿಲ್ಲ. ಕತ್ತಿ ಹಿಡಿದವನು ಕೇಳುತ್ತಾನೆ, ಕತ್ತಿ ಇಳಿಸುತ್ತಾನೆ. ತಾಯಿಯ ಮುಂದೆ ಹೇಳಲಾಗದ್ದನ್ನು ಕೊಲ್ಲಲು ನಿಂತವನ ಮುಂದೆ ಹೇಳಿದಾಗ ಕಾವ್ಯ ಮುಗಿಯುತ್ತದೆ. ಯಶೋಧರನ ತಪ್ಪಿಗೆ ಸಿಕ್ಕ ಅರ್ಥ ಇದು: ಇನ್ನೊಬ್ಬನ ಕೈಯಿಂದ ಅದೇ ತಪ್ಪು ಆಗುವುದು ತಪ್ಪಿತು.

ಆದರೆ ಜನ್ನನಿಗೂ ಒಂದು ಪ್ರಶ್ನೆ ಹಾಕಬೇಕು. ಅಮೃತಮತಿಯ ಒಳಗನ್ನು ಕೇಳಿದವರು ಯಾರು? ಯಶೋಧರನಿಗೆ ಜನ್ಮಜನ್ಮಾಂತರಗಳ ಕಥನಾವಕಾಶ ಸಿಕ್ಕಿದೆ, ಅವಳಿಗೆ ಕರ್ಮದ ಹಣೆಪಟ್ಟಿ ಮಾತ್ರ. ಏಳು ಶತಮಾನಗಳಿಗೂ ಹೆಚ್ಚು ಕಾಲದ ಬಳಿಕ, 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಗಿರೀಶ ಕಾರ್ನಾಡರು ರಾಣಿಗೆ ಬಾಯಿ ಕೊಟ್ಟರು. ಯಾರ ಕತ್ತಲು ಕಾವ್ಯವಾಗುತ್ತದೆ, ಯಾರ ಕತ್ತಲು ಕಳಂಕವಾಗುತ್ತದೆ ಎಂಬುದನ್ನು ನಾಳೆಯ ಮಹಿಳಾ ಗೋಷ್ಠಿಯವರು ಕೈಗೆತ್ತಿಕೊಳ್ಳಲಿ.

ನವ್ಯ ಸಾಹಿತ್ಯ ಒಳಗಿನ ಕತ್ತಲನ್ನೇ ತನ್ನ ಮುಖ್ಯ ವಸ್ತು ಮಾಡಿಕೊಂಡಿತು. ಅನಂತಮೂರ್ತಿಯವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ, ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ನಿಮಗೆಲ್ಲ ಗೊತ್ತಿರುವವರು. ಮುಂಬಯಿಯ ನಾಗಪ್ಪನಿಗೆ ಸುತ್ತಲಿನವರೆಲ್ಲ ತನ್ನನ್ನು ಬೇಟೆಯಾಡುತ್ತಿದ್ದಾರೆ ಎನ್ನಿಸುವುದು ಬರೀ ಭ್ರಮೆಯೋ, ಕಚೇರಿಯ ರಾಜಕಾರಣದ ನಿಜವೋ ಎಂಬುದನ್ನು ಕಾದಂಬರಿ ಸುಲಭಕ್ಕೆ ಬಗೆಹರಿಸುವುದಿಲ್ಲ. ಆದರೆ ಎಲ್ಲ ಕತ್ತಲೂ ಒಳಗಿನದು ಎಂದುಕೊಳ್ಳುವ ಅಪಾಯವನ್ನು ನವ್ಯದ ಓದು ತಂದಿತು. ಅದನ್ನು ತಿದ್ದಿದವರು ದಲಿತ ಲೇಖಕರು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗ ಹೊತ್ತು ಎಳೆಯುತ್ತಿದ್ದಾರೆ, ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ನೊಗಕ್ಕೆ ಕಟ್ಟಿದವರಲ್ಲಿ ಒಬ್ಬ, ನೋಡುತ್ತಿರುವ ಹುಡುಗನ ಅಪ್ಪ. ಆ ಹುಡುಗನ ಎದೆಯಲ್ಲಿ ಕವಿದದ್ದನ್ನು ಒಳಗಿನ ಕತ್ತಲು ಎಂದು ಕರೆದು ಧ್ಯಾನ ಮಾಡು ಎನ್ನುವುದು ಅನ್ಯಾಯ. ಅದು ಹೊರಗಿನವರು ಹೇರಿದ್ದು, ಹೊರಗೇ ಇಳಿಯಬೇಕಾದದ್ದು. ಹೀಗಿದ್ದೂ ಸಿದ್ಧಲಿಂಗಯ್ಯನವರು ಆ ಪುಸ್ತಕವನ್ನು ನಗೆಯಿಂದ ತುಂಬಿದರು. ಓದುಗ ನಗುತ್ತ ನಗುತ್ತ ತಲೆ ತಗ್ಗಿಸುವಂತೆ ಬರೆದರು.

ಇನ್ನು ಮನೋವೈದ್ಯರು ನಮಗೆ ನೆನಪಿಸಬೇಕಾದ ಗಡಿಯೊಂದಿದೆ. ದುಃಖ ಬೇರೆ, ಖಿನ್ನತೆಯ ಕಾಯಿಲೆ ಬೇರೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ. 70ರಿಂದ 92. ಇಂಥವರಿಗೆ ಕತ್ತಲಲ್ಲಿ ಬೆಳಕು ಹುಡುಕು ಎಂದು ಉಪದೇಶ ಮಾಡುವುದು ಜ್ವರದಲ್ಲಿ ಮಲಗಿದವರಿಗೆ ಗಂಜಿ ಕೊಡದೆ ಗೀತೆ ಓದಿದಂತೆ. ನಾಜಿ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಯಾತನೆಯಲ್ಲೂ ಅರ್ಥ ಕಾಣಬಹುದು ಎಂದದ್ದು ಎಲ್ಲರ ಬಾಯಲ್ಲಿದೆ. ತಪ್ಪಿಸಬಹುದಾದ ಯಾತನೆಯ ಕಾರಣವನ್ನು ಮೊದಲು ತೆಗೆಯಿರಿ ಎಂದೂ ಅವರು ಹೇಳಿದ್ದರು. ಅದನ್ನು ಉದ್ಧರಿಸುವವರು ಕಡಿಮೆ.

ಈ ದಿಕ್ಕಿನಲ್ಲಿ ನಮ್ಮ ನಾಡು ಕೈಕಟ್ಟಿ ಕೂತಿಲ್ಲ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಇಟ್ಟಿತು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ವಿದ್ಯಾರ್ಥಿಗಳು ದಯವಿಟ್ಟು ಬರೆದುಕೊಳ್ಳಿ, ನಿಮಗೆ ಬೇಡವಾದರೆ ಹಾಸ್ಟೆಲ್ಲಿನ ಪಕ್ಕದ ಕೋಣೆಯವರಿಗೆ ಬೇಕಾಗಬಹುದು.

ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಮೂರು. ಸಾಹಿತ್ಯದವರು ಪಾತ್ರಗಳಿಗೆ ಕಾಯಿಲೆಯ ಹೆಸರು ಅಂಟಿಸುವ ಅವಸರ ಬಿಡಲಿ. ಅಲ್ಲಮನಿಗೆ ಏನು ಕಾಯಿಲೆ ಎಂದು ಕೇಳುವುದಕ್ಕಿಂತ, ಅವನ ಅಲೆದಾಟವನ್ನು ಹೇಳಲು ಹರಿಹರ ಯಾಕೆ ಹಿಂಜರಿಯಲಿಲ್ಲ ಎಂದು ಕೇಳುವುದು ಮೇಲು. ಮನಶ್ಶಾಸ್ತ್ರದವರು, ನಿಮ್ಮ ಬಳಿ ಬರುವವರು ತಮ್ಮ ಸಂಕಟವನ್ನು ಯಾವ ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ ಎಂಬುದನ್ನು ದಾಖಲಿಸಿ. ಎದೆ ಭಾರ, ಮನಸ್ಸು ಸರಿಯಿಲ್ಲ, ಯಾವುದೂ ಬೇಡ ಅನ್ನಿಸುತ್ತೆ, ತಲೆ ತುಂಬಾ ಯೋಚನೆ ಎನ್ನುವ ಮಾತುಗಳು ಪಠ್ಯಪುಸ್ತಕದ ಪಾರಿಭಾಷಿಕ ಪದಗಳಿಗಿಂತ ರೋಗಿಗೆ ಹತ್ತಿರ. ಮೂರನೆಯದಾಗಿ, ಬೆಳಕು ಕಾಣದೆ ಮುಗಿಯುವ ಕೃತಿಗಳಿಗೂ ಜಾಗ ಕೊಡಿ. ಎಲ್ಲ ಕಥೆಯೂ ಕಳಸದಲ್ಲಿ ಕೊನೆಗೊಳ್ಳುವುದಿಲ್ಲ. ಹಾಗೆ ಕೊನೆಗೊಳ್ಳದವರನ್ನು ಸೋತವರು ಎಂದು ನಾವು ಬಗೆದರೆ, ಮುಂದೆ ನಮ್ಮ ಬಳಿ ಯಾರೂ ಬಾಯಿಬಿಡುವುದಿಲ್ಲ.

ನಾಳೆ ಸಂಜೆ ಸಮಾರೋಪದ ಹೊತ್ತಿಗೆ ಒಳ್ಳೆಯ ಪ್ರಬಂಧಗಳ ಜೊತೆಗೆ ಒಂದು ನಿರ್ಧಾರವೂ ಹೊರಬರಲಿ. ಕಾಲೇಜಿನಲ್ಲಿ ವಾರಕ್ಕೊಂದು ಮಧ್ಯಾಹ್ನ, ಅಂಕ, ಹಾಜರಿಗಳ ಗೊಡವೆಯಿಲ್ಲದೆ, ಹುಡುಗ ಹುಡುಗಿಯರು ಬಂದು ಮಾತಾಡಬಹುದಾದ ಒಂದು ಕೋಣೆ, ಅಲ್ಲಿ ತೀರ್ಪು ಕೊಡದೆ ಕೂತು ಕೇಳುವ ಇಬ್ಬರು ಅಧ್ಯಾಪಕರು. ಕನ್ನಡ ಮತ್ತು ಮನಶ್ಶಾಸ್ತ್ರ ವಿಭಾಗಗಳಿಂದ ಒಬ್ಬೊಬ್ಬರು ಮುಂದೆ ಬಂದರೆ ಸಾಕು, ಈ ಸಂಕಿರಣ ಸಾರ್ಥಕ.