ಹೋಟಲಿನ ಊಟ, ಮಾರುಕಟ್ಟೆಯ ಉದ್ದರಿ



ಹೋಟಲು, ಪ್ರವಾಸಗಳಿಂದ ದೇಶದ ವರಮಾನ ಬೆಳೆಯುತ್ತದೆನ್ನುತ್ತಾರೆ. ಸುಳ್ಳಲ್ಲ, 2019ರಲ್ಲಿ ಪ್ರಪಂಚದ ಉತ್ಪನ್ನದ ಹತ್ತರಲ್ಲೊಂದು ಪಾಲು ಈ ಬಾಬಿನದೆಂದು ಅಂದಾಜು ಮಾಡಿದ್ದರು. ಆ ಲೆಕ್ಕವನ್ನು ನಾವು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಓದೋಣ.

1927ರಲ್ಲಿ ಕಟ್ಟಿದ ಈ ಮಾರುಕಟ್ಟೆಗೆ ಮುನಿಸಿಪಲ್ ಕಮಿಷನರ್ ರಸೆಲ್ ದೊರೆಯ ಹೆಸರಿಟ್ಟರು. ದೊರೆಗಳು ಹೋದರು, ಹೋಟಲಿನವರು ಬಂದರು. ಬೆಳಗಾದರೆ ಮೀನು, ಮಾಂಸ, ತರಕಾರಿ, ಹೂವು ಹೋಟಲುಗಳಿಗೆ ಸಾಗುತ್ತವೆ. ಉಂಡವನು ಹೊರಡುವ ಮೊದಲೇ ಬಿಲ್ಲು ತೆರುತ್ತಾನೆ. ಸೊಪ್ಪು ಕೊಟ್ಟವನಿಗೋ ‘ತಿಂಗಳಾಗಲಿ’ ಎಂಬ ಉತ್ತರ. ಅವನು ಮಂಡಿಗೆ ನಗದು ಕಟ್ಟಿ, ಬಡ್ಡಿ ತೆತ್ತು ಕಾಯಬೇಕು. ಅಂದಂದೇ ಕೊಡುವ ಸಣ್ಣ ಹೋಟಲಿನವರೂ ಇದ್ದಾರೆ, ಅದನ್ನು ಮರೆಯಬಾರದು. ಆದರೆ ದೊಡ್ಡ ಹೋಟಲಿಗೆ ಬಂಡವಾಳ ಹಾಕಿದವನು ಯಾರು, ಹೇಳಿ? ಗಿರಣಿಯಲ್ಲಿ ತಿಂಗಳು ದುಡಿದು ಆಮೇಲೆ ಸಂಬಳ ಎಣಿಸುವ ನಮಗೆ ಈ ಸಾಲದ ಗುಟ್ಟು ಗೊತ್ತು.

2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಇಲ್ಲಿನ ನೂರಕ್ಕೂ ಹೆಚ್ಚು ಅಂಗಡಿ ಸುಟ್ಟವು. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಹೋಟಲಿನ ಮೇಜು ಖಾಲಿಯಾದವು. ಉದ್ದರಿ ಪುಸ್ತಕ ಖಾಲಿಯಾಗಲಿಲ್ಲ.

2006ರ ಸಣ್ಣ ಉದ್ಯಮಗಳ ಕಾನೂನು 45 ದಿನದೊಳಗೆ ಬಾಕಿ ತೀರಿಸಬೇಕೆನ್ನುತ್ತದೆ, ತಪ್ಪಿದರೆ ಬಡ್ಡಿ. 2021ರಲ್ಲಿ ವ್ಯಾಪಾರಿಗಳನ್ನೂ ಪಟ್ಟಿಗೆ ಸೇರಿಸಿದರು, ಬ್ಯಾಂಕ್ ಸಾಲದ ಮಟ್ಟಿಗೆ ಮಾತ್ರ. ಬಾಕಿಯ ರಕ್ಷಣೆ ಕೊಡಲಿಲ್ಲ. ಆ 45 ದಿನ ಸೊಪ್ಪಿನ ಅಂಗಡಿಗೂ ಸಿಗಬೇಕೆಂದು ನಮ್ಮ ಠರಾವು. ಗಿರಣಿಯವರೂ ಅದಕ್ಕೆ ರುಜು ಹಾಕಿ.